ಕೋಶಗಳ ಎಣಿಕೆ 1,100: ಇದರ ಅರ್ಥವೇನು?

ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ನಿಮ್ಮ ತಾಯಿಯವರ ಕಣ್ಣನ್ನು ಪರೀಕ್ಷಿಸಿದ ವೈದ್ಯರು ಕೋಶಗಳ ಎಣಿಕೆ 1,100ಕ್ಕೆ ಇಳಿದಿದೆ ಎಂದರೆಂದೂ, ತರಚಿದ ಚರ್ಮ ತಾನಾಗಿ ಕೂಡಿಕೊಳ್ಳುವಂತೆ ಈ ಕೋಶಗಳೇಕೆ ಮತ್ತೆ ಹುಟ್ಟುವುದಿಲ್ಲವೆಂದೂ ಕೇಳಿದ್ದೀರಿ.

ವೈದ್ಯರು ಹೇಳಿದ್ದು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ, ಒಳಮೈಯನ್ನು ಆವರಿಸಿರುವ ಎಂಡೋಥೀಲಿಯಂ ಎಂಬ ಒಂದೇ ಸಾಲಿನ ಕೋಶಪದರದ ಬಗ್ಗೆ. ಒಂದು ಚದರ ಮಿಲಿಮೀಟರಿನಲ್ಲಿ ಎಷ್ಟು ಕೋಶಗಳಿವೆ ಎಂಬುದೇ ಆ ಎಣಿಕೆ. ಕಣ್ಣಿನೊಳಗಿನ ದ್ರವ ಕಾರ್ನಿಯಾಕ್ಕೆ ಸದಾ ಒಸರುತ್ತಿರುತ್ತದೆ, ಅದನ್ನು ಎಡೆಬಿಡದೆ ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿ ಉಳಿಸುವುದು ಈ ಕೋಶಗಳ ಕೆಲಸ. ಅದೇ ಕಾರ್ನಿಯಾದ ಹೊರಪದರ ಒಂದೆರಡು ವಾರದೊಳಗೆ ಹೊಸದಾಗುತ್ತದೆ. ಅರ್ಧ ಮಿಲಿಮೀಟರಿನಷ್ಟು ಒಳಗಿರುವ ಈ ಪದರದ ಕೋಶಗಳಾದರೋ ಮನುಷ್ಯರ ಕಣ್ಣಿನಲ್ಲಿ ವಿಭಜನೆಗೊಳ್ಳುವುದೇ ಇಲ್ಲವೆನ್ನಬಹುದು. ಒಂದು ಸತ್ತರೆ ನೆರೆಯವು ಹಿಗ್ಗಿ ಆ ಜಾಗವನ್ನು ತುಂಬುತ್ತವೆ. ಬಾಲ್ಯದಲ್ಲಿ 3,000ಕ್ಕೂ ಮೀರಿರುವ ಸಾಂದ್ರತೆ ವಯಸ್ಕರಲ್ಲಿ 2,500ರ ಆಸುಪಾಸಿಗೆ ಬಂದು, ಮುಂದೆ ವರ್ಷಕ್ಕೆ ಸುಮಾರು ಶೇ 0.6ರಂತೆ ಇಳಿಯುತ್ತದೆ. 2,500 ಇದ್ದಾಗ ಒಂದು ಕೋಶದ ಪಾಲಿಗೆ 400 ಚದರ ಮೈಕ್ರಾನ್ ಜಾಗವಿದ್ದರೆ, 500ಕ್ಕೆ ಇಳಿದಾಗ ಅದೇ ಕೋಶ 2,000 ಚದರ ಮೈಕ್ರಾನಿನಷ್ಟು ಹರಡಿಕೊಳ್ಳಬೇಕು. ಹೆಚ್ಚುಕಡಿಮೆ ಆ ಹಂತದಲ್ಲಿ ಅವು ಸೋತು, ಕಾರ್ನಿಯಾ ನೀರು ಹೀರಿ ಊದಿ ಮಂಜಾಗುತ್ತದೆ.

ಪೊರೆ ತೆಗೆಯುವಾಗಲೂ ಕೆಲವು ಕೋಶಗಳು ನಾಶವಾಗುವುದರಿಂದ ವೈದ್ಯರ ಎಚ್ಚರಿಕೆ ಸರಿಯಾಗಿಯೇ ಇದೆ. ಆದರೆ ಒಂದು ಸಂಖ್ಯೆಯಿಂದಲೇ ಧೈರ್ಯಗೆಡಬೇಡಿ. ಯಂತ್ರ ಸಾಮಾನ್ಯವಾಗಿ ಕಾರ್ನಿಯಾದ ನಡುಭಾಗವನ್ನಷ್ಟೇ ಎಣಿಸುತ್ತದೆ, ಅಂಚಿನಲ್ಲಿ ಕೋಶಗಳು ಇನ್ನಷ್ಟು ಒತ್ತಾಗಿರುತ್ತವೆ. ಅವುಗಳ ಗಾತ್ರ ಎಷ್ಟು ಸಮವಾಗಿದೆ, ಎಷ್ಟು ಕೋಶಗಳು ಷಟ್ಕೋನವಾಗಿ ಉಳಿದಿವೆ ಎಂಬುದನ್ನೂ ವರದಿಯಲ್ಲಿ ನೋಡಬೇಕು. ಶಸ್ತ್ರಚಿಕಿತ್ಸೆಯ ವೇಳೆ ಈ ಪದರಕ್ಕೆ ಅಂಟುದ್ರವದ ರಕ್ಷಣೆ ಕೊಟ್ಟು, ಪೊರೆಯನ್ನು ಪುಡಿಮಾಡುವ ಅಲ್ಟ್ರಾಸೌಂಡ್ ಬಳಕೆಯನ್ನು ಮಿತಿಗೊಳಿಸುವ ಕ್ರಮಗಳಿವೆ. ಅವುಗಳ ಬಗ್ಗೆ ವೈದ್ಯರನ್ನು ಮುಂಚಿತವಾಗಿಯೇ ಕೇಳಿರಿ.

ಈ ಪದರ ಪೂರ್ತಿ ಸೋತರೂ ದಾನಿಯ ಕಾರ್ನಿಯಾದಿಂದ ಅದೊಂದನ್ನೇ ಬಿಡಿಸಿ ಕಸಿ ಮಾಡಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೀಗೆ ಮುಂಪದರ ಹಿಂಪದರಗಳನ್ನು ಬೇರ್ಪಡಿಸಿದ್ದರಿಂದಲೇ.