ತೂಕ ಇಳಿದ ಮೇಲೆ ಜೋತುಬಿದ್ದ ಚರ್ಮ: ಇನ್ನೂ ಆರು ಕಿಲೋ ಇಳಿಸಿದರೆ ಬಿಗಿಯಾಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮಗೆ ಇಪ್ಪತ್ತೆಂಟು ವರ್ಷ, ಊರು ಉಡುಪಿ, ಎತ್ತರ 178 ಸೆಂಟಿಮೀಟರ್. ಎರಡು ವರ್ಷದೊಳಗೆ 112 ಕಿಲೋದಿಂದ 74ಕ್ಕೆ ಬಂದಿದ್ದೀರಿ. ಈಗ ಹೊಟ್ಟೆಯ ಚರ್ಮ ಪಂಚೆಯ ಮೇಲೆ ಮಡಿಚಿ ಬೀಳುತ್ತದೆ, ಎದೆ ಜೋತಿದೆ, ತೊಡೆಸಂದು ಕೆಂಪಾಗಿ ಉರಿಯುತ್ತದೆ. ಅಮ್ಮ ದಿನವೂ ತೆಂಗಿನೆಣ್ಣೆ ತಿಕ್ಕಲು ಹೇಳುತ್ತಾರೆ. ಜಿಮ್ಮಿನ ತರಬೇತುದಾರರು ಇನ್ನೂ ಆರು ಕಿಲೋ ಇಳಿಸಿದರೆ ಚರ್ಮ ತಾನಾಗಿ ಬಿಗಿಯಾಗುತ್ತದೆ ಎಂದಿದ್ದಾರೆ. ಏಪ್ರಿಲಿನಲ್ಲಿ ತಂಗಿಯ ಮದುವೆ. ಲಾಜಾಹೋಮದಲ್ಲಿ ಅವಳ ಕೈಗೆ ಅರಳು ಹಾಕಲು ನೀವು ಅಂಗಿಯಿಲ್ಲದೆ ಕೂರಬೇಕು. ಅಷ್ಟರೊಳಗೆ ಏನಾದರೂ ಮಾಡಬಹುದೇ ಎಂದು ಕೇಳಿದ್ದೀರಿ.

ಆ ಆರು ಕಿಲೋ ಇಳಿಸಲು ಹೋಗಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಓದಿದರೂ ನಡೆಯುತ್ತದೆ, ಇದನ್ನು ಮಾತ್ರ ಇವತ್ತೇ ಮನಸ್ಸಿಗೆ ತಂದುಕೊಳ್ಳಿ.

ನಾನು ವೈದ್ಯನಲ್ಲ. ಮಂಗಳೂರಿನವನು, ನಲವತ್ತು ದಾಟಿದವನು, 126 ಕಿಲೋ ಇದ್ದವನು ಈಗ 80ರಲ್ಲಿದ್ದೇನೆ. ಹೊಟ್ಟೆಯ ಚರ್ಮವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿದ್ದೇನೆ. ತೋಳು ಮತ್ತು ಎದೆಯದನ್ನು ಯೋಚಿಸಿಯೇ ಹಾಗೆ ಬಿಟ್ಟಿದ್ದೇನೆ. ಎರಡೂ ನಿರ್ಧಾರಗಳ ಜೊತೆ ಬದುಕುತ್ತಿರುವುದರಿಂದ ಇಷ್ಟು ಬರೆಯುವ ಧೈರ್ಯ ಮಾಡಿದ್ದೇನೆ.

ನಿಮ್ಮ ಎತ್ತರಕ್ಕೆ 74 ಕಿಲೋ ಎಂದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, 23ರ ಆಸುಪಾಸು; ಇರಬೇಕಾದ ತೂಕದ ಹತ್ತಿರವೇ ಇದ್ದೀರಿ. ಅದರಲ್ಲಿ ಜೋತ ಚರ್ಮದ ತೂಕವೂ ಸೇರಿದೆ. ನನ್ನ ಹೊಟ್ಟೆಯಿಂದ ತೆಗೆದದ್ದೇ ಎರಡು ಕಿಲೋಕ್ಕಿಂತ ಹೆಚ್ಚಿತ್ತು. ಹೊಟ್ಟೆಯ ಮಡಿಕೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ. ಒಳಗೆ ದಪ್ಪವಾಗಿ, ಮೆತ್ತಗೆ ತುಂಬಿಕೊಂಡಿದ್ದರೆ ಕೊಬ್ಬು ಇನ್ನೂ ಉಳಿದಿದೆ ಎಂದುಕೊಳ್ಳಬಹುದು. ತೆಳ್ಳಗೆ, ಬರಿದಾಗಿ, ಎಳೆದಷ್ಟೂ ಬರುತ್ತಿದ್ದರೆ ಅದು ಬಹುಪಾಲು ಚರ್ಮವೇ. ಎಷ್ಟು ಉಪವಾಸ ಮಾಡಿದರೂ ಅದು ಕರಗುವುದಿಲ್ಲ. ಊಟ ಇನ್ನೂ ಕಡಿಮೆ ಮಾಡಿದರೆ ಸ್ನಾಯು ಸೊರಗುತ್ತದೆ, ಒಳಗಿನ ತುಂಬು ಹೋಗಿ ಚರ್ಮ ಮೊದಲಿಗಿಂತ ಹೆಚ್ಚು ಜೋಲುತ್ತದೆ. ಕನ್ನಡಿಯಲ್ಲಿ ಅದನ್ನು ಕೊಬ್ಬೆಂದೇ ಕಂಡು ಅನ್ನ ಬಿಟ್ಟು ತಲೆಸುತ್ತು ಬರಿಸಿಕೊಂಡವರನ್ನು ಹತ್ತಿರದಿಂದ ಬಲ್ಲೆ. ಇಷ್ಟು ಕಷ್ಟಪಟ್ಟರೂ ಹೀಗೇ ಎಂದು ಬೇಸತ್ತು, ಕಳೆದುಕೊಂಡ ತೂಕವನ್ನೆಲ್ಲ ಮರಳಿ ಪಡೆದವರನ್ನೂ ಬಲ್ಲೆ. ಹಾಗಾಗಿಯೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಚರ್ಮ ಯಾಕೆ ಹಿಂದಕ್ಕೆ ಹೋಗುವುದಿಲ್ಲ ಎಂದು ತಿಳಿದರೆ ಅರ್ಧ ಭಾರ ಇಳಿಯುತ್ತದೆ. ಚರ್ಮದ ಒಳಪದರದಲ್ಲಿ ಕೊಲಾಜನ್ ಮತ್ತು ಎಲಾಸ್ಟಿನ್ ಎಂಬ ಎರಡು ಬಗೆಯ ನಾರುಗಳಿವೆ. ಕೊಲಾಜನ್ ಗಟ್ಟಿತನ ಕೊಡುತ್ತದೆ. ಹಿಗ್ಗಿದ್ದನ್ನು ಮರಳಿ ಎಳೆದುಕೊಳ್ಳುವ ಗುಣ ಎಲಾಸ್ಟಿನ್‌ನದು. ಈ ಎಲಾಸ್ಟಿನ್ ಬಹುಪಾಲು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ ತಯಾರಾಗುತ್ತದೆ. ಬೆಳೆದ ಮೇಲೆ ದೇಹ ಹೊಸದನ್ನು ಮಾಡುವುದು ತೀರಾ ಕಡಿಮೆ. ವರ್ಷಗಟ್ಟಲೆ ಹಿಗ್ಗಿ ನಿಂತ ಚರ್ಮದಲ್ಲಿ ಆ ನಾರುಗಳು ತುಂಡಾಗಿರುತ್ತವೆ. ಎಷ್ಟು ಕಾಲ ದಪ್ಪವಿದ್ದಿರಿ, ಎಷ್ಟು ಕಿಲೋ ಇಳಿಸಿದಿರಿ, ವಯಸ್ಸೆಷ್ಟು, ಸಿಗರೇಟು ಸೇದುತ್ತೀರಾ, ತಂದೆತಾಯಿಯಿಂದ ಬಂದ ಚರ್ಮ ಎಂಥದು, ಇವೆಲ್ಲ ಸೇರಿ ಫಲ ನಿಶ್ಚಯವಾಗುತ್ತದೆ. ನಿಮ್ಮ ಶ್ರದ್ಧೆಗೂ ಇದಕ್ಕೂ ಸಂಬಂಧವಿಲ್ಲ. ವಯಸ್ಸು ನಿಮ್ಮ ಪರವಾಗಿದೆ: ತೂಕ ಒಂದೆಡೆ ನಿಂತ ಮೇಲೆ ಒಂದು ವರ್ಷ, ಕೆಲವರಲ್ಲಿ ಎರಡು ವರ್ಷದವರೆಗೂ, ಚರ್ಮ ಸ್ವಲ್ಪ ಸ್ವಲ್ಪವಾಗಿ ಒಳಸರಿಯುತ್ತಲೇ ಇರುತ್ತದೆ. ಆದರೆ 38 ಕಿಲೋ ಇಳಿದ ಹೊಟ್ಟೆ ಪೂರ್ತಿ ಚಪ್ಪಟೆಯಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಎಣ್ಣೆಯ ವಿಷಯವನ್ನು ಅಮ್ಮನಿಗೆ ಮೆದುವಾಗಿ ಹೇಳಿ. ತೆಂಗಿನೆಣ್ಣೆ ಚರ್ಮದ ಮೇಲ್ಮೈಯನ್ನು ನುಣುಪಾಗಿಡುತ್ತದೆ, ತುಂಡಾದ ನಾರನ್ನು ಕೂಡಿಸುವುದಿಲ್ಲ. ತೋಳಿಗೆ, ಬೆನ್ನಿಗೆ ಹಚ್ಚಲಿ, ತೊಂದರೆಯಿಲ್ಲ. ಮಡಿಕೆಯ ಒಳಗೆ ಮಾತ್ರ ಬೇಡ. ಅಲ್ಲಿ ಬೆವರಿನ ಜೊತೆ ಸೇರಿ ತೇವವನ್ನು ಹಿಡಿದಿಡುತ್ತದೆ. ‘ಬಿಗಿಗೊಳಿಸುವ’ ದುಬಾರಿ ಕ್ರೀಮುಗಳದ್ದೂ ಇದೇ ಕತೆ. ಕೊಲಾಜನ್ ಪುಡಿಯನ್ನು ಹೊಟ್ಟೆ ಬೇರೆ ಯಾವುದೇ ಪ್ರೋಟೀನಿನಂತೆಯೇ ಜೀರ್ಣಿಸುತ್ತದೆ, ಅದು ನೇರವಾಗಿ ನಿಮ್ಮ ಹೊಟ್ಟೆಯ ಚರ್ಮಕ್ಕೆ ಹೋಗಿ ಕೂರುವುದಿಲ್ಲ. ರೇಡಿಯೋ ತರಂಗ, ಅಲ್ಟ್ರಾಸೌಂಡ್ ಬಳಸಿ ಬಿಗಿಗೊಳಿಸುವ ಯಂತ್ರಗಳು ಅಲ್ಪಸ್ವಲ್ಪ ಸಡಿಲಿಕೆಗೆ ಆಗಬಹುದು, ಮಡಿಚಿ ಬೀಳುವ ಚರ್ಮಕ್ಕೆ ಸಾಲುವುದಿಲ್ಲ. ಲೈಪೊಸಕ್ಷನ್ ಕೊಬ್ಬನ್ನು ಹೀರುತ್ತದೆಯೇ ಹೊರತು ಚರ್ಮವನ್ನಲ್ಲ.

ಈಗ ತೊಡೆಸಂದಿನ ಉರಿ. ನೀವು ಅದನ್ನು ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೀರಿ, ನನ್ನ ಮಟ್ಟಿಗೆ ಅದೇ ಮೊದಲು ನೋಡಬೇಕಾದದ್ದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ, ಬೇಸಿಗೆಯಲ್ಲಿ ಕೂತಲ್ಲೇ ಬೆವರು ಹರಿಯುವ ಕರಾವಳಿ ನಮ್ಮದು. ಚರ್ಮಕ್ಕೆ ಚರ್ಮ ತಾಗಿ ಉಜ್ಜುವ ಕಡೆ ತೇವ ನಿಂತರೆ ಮೊದಲು ಕೆಂಪಾಗುತ್ತದೆ, ಆಮೇಲೆ ಶಿಲೀಂಧ್ರ ಸೇರಿಕೊಳ್ಳುತ್ತದೆ. ಸ್ನಾನವಾದ ಮೇಲೆ ಮಡಿಕೆಗಳನ್ನು ಎತ್ತಿ ಹತ್ತಿಯ ಬೈರಾಸಿನಿಂದ ಒತ್ತಿ ಒರಸಿ, ಉಜ್ಜಬೇಡಿ. ಐದು ನಿಮಿಷ ಫ್ಯಾನಿನ ಕೆಳಗೆ ನಿಂತು ಪೂರ್ತಿ ಆರಿದ ಮೇಲೆ ಬಟ್ಟೆ ಹಾಕಿ. ಆ ಬೈರಾಸನ್ನು ಮನೆಯ ಬೇರೆಯವರು ಬಳಸದಿರಲಿ. ತೊಡೆಗಳು ಉಜ್ಜದಂತೆ ಮೊಣಕಾಲಿನ ತನಕ ಬರುವ ಹತ್ತಿಯ ಒಳಚಡ್ಡಿ ಬೇಕು. ಹೊಟ್ಟೆಯ ಮಡಿಕೆಯೊಳಗೆ ತೆಳುವಾದ ಹಳೆಯ ಪಂಚೆಯ ತುಂಡನ್ನು ಇಟ್ಟು ಮಧ್ಯಾಹ್ನ ಬದಲಿಸಿ. ನನಗೆ ಇದರಷ್ಟು ನೆಮ್ಮದಿ ಕೊಟ್ಟ ಉಪಾಯ ಇನ್ನೊಂದಿಲ್ಲ. ಆಷಾಢದಲ್ಲಿ ಮನೆಯೊಳಗೆ ಹಗ್ಗದ ಮೇಲೆ ಅರೆಬರೆ ಒಣಗಿದ ಒಳಬಟ್ಟೆಯನ್ನು ಹಾಗೆಯೇ ಹಾಕಿಕೊಳ್ಳದೆ ಇಸ್ತ್ರಿ ಮಾಡಿ ಹಾಕಿಕೊಳ್ಳಿ. ಪೌಡರನ್ನು ರಾಶಿ ಸುರಿಯಬೇಡಿ, ಬೆವರಿಗೆ ಹೆಪ್ಪುಗಟ್ಟಿ ಅದೇ ಉಜ್ಜುತ್ತದೆ.

ಔಷಧದಂಗಡಿಯಲ್ಲಿ ‘ತುರಿಕೆಗೆ ಏನಾದರೂ ಕೊಡಿ’ ಎಂದು ಕೇಳಿ ಮುಲಾಮು ತರಬೇಡಿ. ಸ್ಟೀರಾಯ್ಡ್ ಬೆರೆತ ಮುಲಾಮು ಎರಡೇ ದಿನದಲ್ಲಿ ಉರಿಯನ್ನು ಆರಿಸುತ್ತದೆ, ಒಳಗೊಳಗೇ ಗಜಕರ್ಣವನ್ನು ಹಬ್ಬಿಸುತ್ತದೆ. ತೊಡೆಸಂದಿನ ಚರ್ಮವನ್ನು ಇನ್ನಷ್ಟು ತೆಳುವಾಗಿಸಿ ಗೆರೆ ಬೀಳಿಸುತ್ತದೆ. ಈ ದುರ್ಬಳಕೆ ಎಷ್ಟು ಹೆಚ್ಚಿತ್ತೆಂದರೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚರ್ಮವೈದ್ಯರನ್ನು ಒಮ್ಮೆ ನೋಡಿ. ಜೊತೆಗೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಕೀವು, ದುರ್ವಾಸನೆ, ಜ್ವರ, ವೇಗವಾಗಿ ಹರಡುವ ಕೆಂಪು ಕಂಡರೆ ಮರುದಿನಕ್ಕೆ ಕಾಯಬೇಡಿ.

ಜಿಮ್ಮನ್ನು ಬಿಡಬೇಡಿ, ಗುರಿಯನ್ನು ಮಾತ್ರ ಬದಲಿಸಿ. ಓಟ ಕಡಿಮೆ ಮಾಡಿ ಭಾರ ಎತ್ತಿ. ಎದೆ, ಭುಜ, ಬೆನ್ನು, ತೊಡೆಯ ಸ್ನಾಯು ತುಂಬಿಕೊಂಡಷ್ಟೂ ಖಾಲಿಯಾದ ಚರ್ಮದ ಒಳಗೆ ಒಂದಿಷ್ಟು ಆಧಾರ ಸಿಗುತ್ತದೆ. ಭುಜ ಮತ್ತು ಎದೆಯಲ್ಲಿ ಫಲ ಬೇಗ ಕಾಣುತ್ತದೆ, ಹೊಟ್ಟೆಯಲ್ಲಿ ಅಷ್ಟಿಲ್ಲ. ಅದಕ್ಕೆ ಊಟದಲ್ಲಿ ಪ್ರೋಟೀನು ಬೇಕು: ನಿಮ್ಮ ತೂಕಕ್ಕೆ ದಿನಕ್ಕೆ ಸುಮಾರು 90ರಿಂದ 110 ಗ್ರಾಂ. ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿಯಿಂದ ಅದು ಬರುವುದಿಲ್ಲ. ನಾನು ಮೀನು ತಿನ್ನುವವನು. ನೂರು ಗ್ರಾಂ ಬಂಗುಡೆಯಲ್ಲಿ ಹತ್ತೊಂಬತ್ತು ಇಪ್ಪತ್ತು ಗ್ರಾಂ ಸಿಗುತ್ತದೆ, ಕೆಲಸ ಸುಲಭ. ನಿಮ್ಮ ಮನೆಯಲ್ಲಿ ಸಸ್ಯಾಹಾರವಾದರೆ ಹೆಸರುಕಾಳು, ಹುರುಳಿ, ಕಡಲೆ, ಪನೀರು, ಸೋಯಾ, ಮೊಸರು ಇವನ್ನು ಪ್ರತಿ ಊಟದಲ್ಲೂ ಹಂಚಿಕೊಳ್ಳಬೇಕು. ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಇದೆ. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಮದುವೆಯ ಬಗ್ಗೆ. ಏಪ್ರಿಲಿನೊಳಗೆ ಚರ್ಮ ಬದಲಾಗುವುದಿಲ್ಲ, ಅವಸರದಲ್ಲಿ ಶಸ್ತ್ರಚಿಕಿತ್ಸೆಯ ಯೋಚನೆಯೂ ಬೇಡ. ನಮ್ಮ ಕಡೆ ಗಂಡಸಿಗೆ ಅಂಗಿ ತೆಗೆಯುವ ಸಂದರ್ಭಗಳಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಕೃಷ್ಣಮಠದ ಒಳಗೆ ಹೋಗಬೇಕಾದರೆ ಅಂಗಿ ಕಳಚಬೇಕು. ನಮ್ಮ ಕುಟುಂಬದ ನಾಗಬನದಲ್ಲಿ ತಂಬಿಲದ (ನಾಗನಿಗೆ ಸಲ್ಲಿಸುವ ಪೂಜೆಯ) ದಿನ ಗಂಡಸರೆಲ್ಲ ಬರಿಮೈಯಲ್ಲಿ ನಿಲ್ಲುತ್ತಾರೆ. ದಪ್ಪವಿದ್ದಾಗ ಯಾರೂ ತಿರುಗಿ ನೋಡದ ಹೊಟ್ಟೆಯನ್ನು ಈಗ ನೋಡುತ್ತಾರೆ, ‘ಇಷ್ಟು ಸಪೂರವಾಗಿದ್ದೀರಲ್ಲ ಮಾರಾಯರೇ, ಶುಗರ್ ಬಂತೇ?’ ಎಂದು ಕೇಳುತ್ತಾರೆ. ಆ ಕ್ಷಣದ ಸಂಕಟ ನನಗೆ ಗೊತ್ತು. ನಾನು ಒಂದೇ ಉತ್ತರ ಇಟ್ಟುಕೊಂಡಿದ್ದೇನೆ: ‘ನಲವತ್ತಾರು ಕಿಲೋ ಇಳಿಸಿದ್ದೇನೆ, ಚರ್ಮ ಉಳಿದಿದೆ.’ ತಲೆ ತಗ್ಗಿಸದೆ, ವಿವರಣೆ ಸೇರಿಸದೆ ಹೇಳುತ್ತೇನೆ. ಹೆಚ್ಚಿನವರು ಮುಂದೆ ಕೇಳುವುದು ಹೇಗೆ ಇಳಿಸಿದಿರಿ ಎಂದು.

ಪಂಚೆಯನ್ನು ಹೊಕ್ಕುಳಿನ ಮೇಲೆ ಎತ್ತಿ ಉಡಿ, ಅಂಚು ಮಡಿಕೆಯನ್ನು ಒಳಗೆ ಹಿಡಿಯುತ್ತದೆ. ಶಲ್ಯ ಅಗಲವಾದದ್ದು, ಸ್ವಲ್ಪ ದಪ್ಪ ನೂಲಿನದು ಇರಲಿ. ಎರಡೂ ಭುಜದ ಮೇಲೆ ಹೊದ್ದು ಎದೆಯ ಮೇಲೆ ಬಿಟ್ಟರೆ ಸಾಕಷ್ಟು ಮುಚ್ಚುತ್ತದೆ. ಪುರೋಹಿತರಿಗೆ ಮೊದಲೇ ಹೇಳಿದರೆ ಶಲ್ಯ ಹೊದ್ದೇ ಕೂರಲು ಅವರೇ ಜಾಗ ಸರಿಪಡಿಸಿ ಕೊಡುತ್ತಾರೆ. ಹೋಮದ ಬೆಂಕಿಯೆದುರು ಹೊಟ್ಟೆಗೆ ಬಿಗಿ ಪಟ್ಟಿ ಕಟ್ಟಿಕೊಂಡು ಗಂಟೆಗಟ್ಟಲೆ ಕೂರುವುದು ಬೇಡ, ಮಡಿಕೆಯೊಳಗೆ ಬೆವರು ನಿಂತು ಎರಡು ವಾರ ಉರಿಯುತ್ತದೆ. ನಿಮ್ಮ ತಂಗಿ ಆ ದಿನ ನೆನಪಿಟ್ಟುಕೊಳ್ಳುವುದು ತನ್ನ ಕೈಗೆ ಅರಳು ಹಾಕಿದವರು ಯಾರು ಎಂಬುದನ್ನು. ಚರ್ಮಕ್ಕಾಗಿ ಆ ಜಾಗವನ್ನು ದೊಡ್ಡಪ್ಪನ ಮಗನಿಗೆ ಬಿಟ್ಟುಕೊಡಬೇಡಿ.

ಶಸ್ತ್ರಚಿಕಿತ್ಸೆ ಬೇಕೆಂದೇ ಮುಂದೆ ಅನಿಸಿದರೆ, ಅದು ಆಡಂಬರವೆಂದು ಯಾರು ಹೇಳಿದರೂ ಕಿವಿಗೊಡಬೇಡಿ. ಅದು ದೊಡ್ಡ ಶಸ್ತ್ರಚಿಕಿತ್ಸೆ ಎಂಬುದನ್ನೂ ಮರೆಯಬೇಡಿ. ತೂಕ ಕನಿಷ್ಠ ಆರು ತಿಂಗಳು ಏರಿಳಿತವಿಲ್ಲದೆ ನಿಂತಿರಬೇಕು. ಹಿಮೋಗ್ಲೋಬಿನ್, ಬಿ12, ಪ್ರೋಟೀನು ಸರಿಯಿರಬೇಕು. ಸಿಗರೇಟು ಸೇದುವವರು ನಾಲ್ಕು ವಾರ ಮೊದಲೇ ಬಿಡಬೇಕು, ಇಲ್ಲವಾದರೆ ಗಾಯ ಕೂಡದೆ ಬಿಚ್ಚಿಕೊಳ್ಳುವ ಅಪಾಯ ಹೆಚ್ಚು. ಪ್ಯಾನಿಕ್ಯುಲೆಕ್ಟಮಿಯಲ್ಲಿ ಕೆಳಗೆ ಜೋತ ಚರ್ಮವನ್ನಷ್ಟೇ ತೆಗೆಯುತ್ತಾರೆ. ಅಬ್ಡಾಮಿನೊಪ್ಲಾಸ್ಟಿಯಲ್ಲಿ ಹೊಟ್ಟೆಯ ಸ್ನಾಯುಗಳನ್ನೂ ಬಿಗಿದು ಹೊಲಿದು, ಹೊಕ್ಕುಳಿಗೆ ಹೊಸ ಜಾಗ ಮಾಡುತ್ತಾರೆ. ಎರಡರಲ್ಲೂ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಗಾಯದ ಗೆರೆ ಉಳಿಯುತ್ತದೆ. ನೀರು ತುಂಬಿಕೊಳ್ಳುವುದು, ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇವು ಗೊತ್ತಿರುವ ಅಪಾಯಗಳು. ಅದಕ್ಕೇ ಬೇಗ ಎಬ್ಬಿಸಿ ನಡೆಸುತ್ತಾರೆ. ನಾನು ಮೊದಲ ವಾರ ಬೆನ್ನು ಬಾಗಿಸಿಕೊಂಡೇ ನಡೆದೆ, ಆರು ವಾರ ಬಿಗಿ ಉಡುಪು ತೊಟ್ಟು ಭಾರ ಎತ್ತದೆ ಇದ್ದೆ. ಹೊಕ್ಕುಳಿನ ಕೆಳಗೆ ಇಂದಿಗೂ ಒಂದಿಷ್ಟು ಜಾಗಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಆದರೂ ನನ್ನ ಮಡಿಕೆಯ ಹುಣ್ಣು ಹೋಯಿತು, ಬಗ್ಗಿ ಚಪ್ಪಲಿಯ ಪಟ್ಟಿ ಕಟ್ಟಲು ಸಾಧ್ಯವಾಯಿತು, ಅಷ್ಟಕ್ಕೆ ನನಗೆ ಅದು ಸಾರ್ಥಕ. ತೋಳಿನದಕ್ಕೆ ಕಂಕುಳಿಂದ ಮೊಣಕೈಯವರೆಗೆ ಗೆರೆ ಬರುತ್ತದೆ ಎಂದಾಗ ಬೇಡವೆಂದೆ. ತೋಳು ನನಗೆ ನೋವು ಕೊಡುತ್ತಿರಲಿಲ್ಲ.

ಎದೆಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಅಲ್ಲಿರುವುದು ಬರೀ ಚರ್ಮವೇ, ಸ್ತನಗ್ರಂಥಿಯ ಊತವೂ ಇದೆಯೇ ಎಂದು ವೈದ್ಯರು ಮುಟ್ಟಿ ನೋಡಿ ಹೇಳಬೇಕು, ಎರಡಕ್ಕೂ ದಾರಿ ಬೇರೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ, ನಿಮಗೆ ಹತ್ತಿರ. ಬ್ಯೂಟಿ ಕ್ಲಿನಿಕ್ಕುಗಳ ರಿಯಾಯಿತಿ ಜಾಹೀರಾತು ನೋಡಿ ಹೋಗಬೇಡಿ. ಎಂಸಿಎಚ್ ಅಥವಾ ಡಿಎನ್‌ಬಿ ಪದವಿಯ ಪ್ಲಾಸ್ಟಿಕ್ ಸರ್ಜನ್ನರನ್ನೇ ಕಾಣಿ. ಕಾಲ ಆಯ್ದುಕೊಳ್ಳುವಂತಿದ್ದರೆ ಡಿಸೆಂಬರ್ ಅಥವಾ ಜನವರಿ ಇರಲಿ. ನಮ್ಮ ಮೇ ತಿಂಗಳಿನಲ್ಲಿ ಆ ಬಿಗಿ ಉಡುಪಿನೊಳಗೆ ಇರುವುದು ಹಿಂಸೆ.

ವಿಮೆಯವರು ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಹಣ ಕೊಡುವುದಿಲ್ಲ. ಆರೋಗ್ಯಕ್ಕೆ ನೇರ ಅಪಾಯವಿದೆ, ವೈದ್ಯಕೀಯವಾಗಿ ಅಗತ್ಯ ಎಂದು ಚಿಕಿತ್ಸೆ ನೀಡುವ ವೈದ್ಯರು ಬರೆದುಕೊಟ್ಟರೆ ಕೇಳಲು ಆಸ್ಪದವುಂಟು, ಆದರೆ ಅದಕ್ಕೆ ಪುರಾವೆ ಬೇಕು. ಹಾಗಾಗಿ ಈ ವಾರ ಚರ್ಮವೈದ್ಯರ ಬಳಿಗೆ ಹೋದಾಗ ಚೀಟಿಯಲ್ಲಿ ಮಡಿಕೆಯ ಸೋಂಕು ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಪ್ರತಿ ಸಲದ ಚೀಟಿ, ಔಷಧದ ಬಿಲ್ಲು, ದಿನಾಂಕ ಇರುವ ಫೋಟೋ ಮತ್ತು ತಿಂಗಳ ತೂಕವನ್ನು ಒಂದೇ ಕಡತದಲ್ಲಿ ಸೇರಿಸುತ್ತಾ ಬನ್ನಿ. ಸರ್ಜನ್ನರೂ ಮೊದಲ ಭೇಟಿಯಲ್ಲೇ ಅದನ್ನು ಕೇಳುತ್ತಾರೆ.