ಸೂಜಿ ನಿಂತ ಮೇಲೆ ಬೆಟ್ಟಕ್ಕೆ ಹೋಗುವುದು

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ.

"ನಮ್ಮ ಅತ್ತೆಗೆ ಈಗ 63 ವರ್ಷ. ಮಂಗನ ಕಾಯಿಲೆಯ ಸೂಜಿಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಈಗ ಆ ಸೂಜಿ ಬರುತ್ತಿಲ್ಲ. ಅದು ಕೆಲಸಕ್ಕೆ ಬಾರದ್ದು, ಅದಕ್ಕೇ ನಿಲ್ಲಿಸಿದರು ಅಂತ ಊರಲ್ಲಿ ಮಾತು. ಹಾಗಾದ್ರೆ ಇಷ್ಟು ವರ್ಷ ಚುಚ್ಚಿಸಿಕೊಂಡಿದ್ದು ಸುಮ್ನೆನಾ? ಈಗ ಒಂದು ಬಾಟಲಿ ಎಣ್ಣೆ ಕೊಟ್ಟಿದ್ದಾರೆ. ಕಾಯಿಲೆ ಬರುವುದು ದನಗಳಿಂದ ಅಂತಲೂ ಹೇಳ್ತಾರೆ, ಹೌದಾ? ಮೇ ತಿಂಗಳಲ್ಲಿ ಬೆಂಗಳೂರಿನಿಂದ ಮೊಮ್ಮಕ್ಕಳು ಬರುತ್ತಾರೆ. ಬರಬೇಡಿ ಅನ್ನೋಣವೇ?"

ಸಂಪಾದಕರ ಉತ್ತರ:

ಸುಮ್ನೆ ಅಲ್ಲ. ನಿಮ್ಮ ಅತ್ತೆಗೆ ಮೊದಲು ಈ ಮಾತು ಹೇಳಿಬಿಡಿ. ಉಳಿದದ್ದು ಆಮೇಲೆ.

ಈ ಸೂಜಿಯನ್ನು ನಮ್ಮ ಕಡೆ ಕೊಡಲು ಶುರು ಮಾಡಿದ್ದು 1990ರಲ್ಲಿ. ಮೊದಲ ಎರಡು ವರ್ಷ ಹಳ್ಳಿಗಳಲ್ಲಿ ನೋಡಿದಾಗ ಎರಡು ಡೋಸ್ ತೆಗೆದುಕೊಂಡವರಿಗೆ ಶೇ. 93.5ರಷ್ಟು ರಕ್ಷಣೆ ಸಿಕ್ಕಿತ್ತು. ಆಮೇಲೆ ಅಷ್ಟು ಒಳ್ಳೆಯ ಲೆಕ್ಕ ಮತ್ತೆ ಬರಲಿಲ್ಲ. 2005ರಿಂದ 2010ರವರೆಗಿನ ಕಾಯಿಲೆ ಮತ್ತು ಸೂಜಿಯ ಲೆಕ್ಕ ಹಿಡಿದು ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ಡೋಸಿಗೆ ಶೇ. 62.4. ಬೂಸ್ಟರ್ ಕೂಡ ಹಾಕಿಸಿಕೊಂಡವರಿಗೆ ಶೇ. 82.9. ಒಂದೇ ಡೋಸ್ ತೆಗೆದುಕೊಂಡು ಸುಮ್ಮನಾದವರಿಗೆ ಏನೂ ಪ್ರಯೋಜನ ಕಾಣಲಿಲ್ಲ.

ಈ ಶೇಕಡಾ ಲೆಕ್ಕವನ್ನು ತುಂಬಾ ಜನ ತಪ್ಪಾಗಿ ಓದುತ್ತಾರೆ. ಶೇ. 62 ಅಂದರೆ ಸೂಜಿ ಹಾಕಿಸಿಕೊಂಡ ನೂರರಲ್ಲಿ 38 ಜನ ಮಲಗುತ್ತಾರೆ ಅಂತಲ್ಲ. ಸೂಜಿ ಇಲ್ಲದೆ ನೂರು ಜನ ಕಾಯಿಲೆ ಬೀಳುವ ಕಡೆ, ಸೂಜಿ ಇದ್ದರೆ ಸುಮಾರು 38 ಜನ ಬೀಳುತ್ತಾರೆ ಅಂತ. ಬೂಸ್ಟರನ್ನೂ ತಪ್ಪಿಸದೆ ಹಾಕಿಸಿಕೊಂಡವರಲ್ಲಾದರೆ ಸುಮಾರು 17. ನಿಮ್ಮ ಅತ್ತೆ ಈ ಕೊನೆಯ ಸಾಲಿನವರು. ಪ್ರತಿ ವರ್ಷ ತೋಳು ಊದಿಸಿಕೊಂಡಿದ್ದಕ್ಕೆ ಅವರಿಗೆ ಫಲ ಸಿಕ್ಕಿದೆ.

ನನಗೆ ಸಿಗಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ನಾನು ಒಂದು ಡೋಸ್ ಹಾಕಿಸಿಕೊಂಡೆ. ಎರಡು ದಿನ ಕೈ ಎತ್ತಲು ಆಗಲಿಲ್ಲ, ಅಷ್ಟು ನೋವು. ತಿಂಗಳು ಬಿಟ್ಟು ಎರಡನೆಯದಕ್ಕೆ ಕರೆದಾಗ ಮನೆಯಲ್ಲಿ ಅಡಿಕೆ ಸುಲಿಯುವ ಗಡಿಬಿಡಿ. ಹೋಗಲಿಲ್ಲ. ಒಂದಾದರೂ ಆಗಿದೆಯಲ್ಲ ಅಂತ ಧೈರ್ಯವಾಗಿ ಬೆಟ್ಟ ಸುತ್ತಿದೆ. ಅಷ್ಟೇ ಅಲ್ಲ, "ಸೂಜಿ ಹಾಕಿಸಿಕೊಳ್ಳಿ, ನಿಶ್ಚಿಂತೆಯಿಂದಿರಿ" ಅಂತ ಇದೇ ಪತ್ರಿಕೆಯಲ್ಲಿ ತಲೆಬರಹ ಕೊಟ್ಟವನೂ ನಾನೇ. ಅರ್ಧ ನಿಜ ಅದು.

ನಿಲ್ಲಿಸಿದ್ದು ಯಾಕೆ ಅಂದ್ರೆ, ತಯಾರಾದ ಬ್ಯಾಚುಗಳು ಶಕ್ತಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವು. 2022ರ ನಂತರ ತಯಾರಿಕೆಯೇ ನಿಂತಿತು. ಹೊಸ ಸೂಜಿ ಸಿದ್ಧವಿಟ್ಟುಕೊಂಡು ಹಳೆಯದನ್ನು ನಿಲ್ಲಿಸಬೇಕಿತ್ತು ಎಂಬ ಸಿಟ್ಟು ನನಗೂ ಇದೆ. ಆದರೆ ಕಸುವಿಲ್ಲದ ಸೂಜಿ ಚುಚ್ಚಿ ಜನರನ್ನು ಕಾಡಿಗೆ ಕಳಿಸುವುದು ಇನ್ನೂ ಕೆಟ್ಟದ್ದು, ಅಲ್ವಾ? ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೋಲಾಜಿಕಲ್ಸ್ ಸೇರಿ ಹೊಸದನ್ನು ಮಾಡುತ್ತಿವೆ. ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿದೆ. ಮನುಷ್ಯರ ಮೇಲಿನ ಪರೀಕ್ಷೆ ಹಂತ ಹಂತವಾಗಿ ಆಗಬೇಕು. ಮೊದಲ ಹಂತದಲ್ಲಿ ನೋಡುವುದು ಮುಖ್ಯವಾಗಿ ಅಪಾಯ ಇದೆಯೇ ಇಲ್ಲವೇ ಎಂಬುದನ್ನು. ಕಾಯಿಲೆ ತಡೆಯುತ್ತದೆಯೇ ಅನ್ನುವುದು ಆಮೇಲಿನ ಮಾತು. ಹಾಗಾಗಿ ಈ ವರ್ಷದ ಬೇಸಿಗೆಯನ್ನು ಅದರ ಲೆಕ್ಕದಲ್ಲಿ ಕಳೆಯಬೇಡಿ.

ಅತ್ತೆಯ ವಿಷಯದಲ್ಲಿ ಇನ್ನೊಂದು ಮಾತು. ಹಳೆಯ ಸೂಜಿಯ ಬಲ ಬೇಗ ಇಳಿಯುತ್ತಿತ್ತು. ಅದಕ್ಕೇ ವರ್ಷ ವರ್ಷ ಬೂಸ್ಟರ್. ಆಗ ಹಾಕಿಸಿಕೊಂಡಿದ್ದೆ ಅನ್ನುವ ಧೈರ್ಯದಲ್ಲಿ ಈಗ ಬರಿಗಾಲಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗುವುದು ಬೇಡ.

ಇನ್ನು ದನಗಳ ವಿಷಯ. ದನದಿಂದ ನೇರವಾಗಿ ನಮಗೆ ಬರುವುದಿಲ್ಲ. ಹಾಲಿನಿಂದ ಬಂದದ್ದಕ್ಕೂ ಆಧಾರವಿಲ್ಲ. ಆದರೆ ಊರಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಕಾಯಿಲೆ ನಮಗೆ ದಾಟುವುದು ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿದಾಗ. ನೀವು ಉಣುಗು ಅನ್ನುವುದನ್ನು ಇಲಾಖೆಯ ಕರಪತ್ರ ಉಣ್ಣೆ ಅನ್ನುತ್ತದೆ. (ಕರಪತ್ರ ಬರೆಯುವವರು ಒಮ್ಮೆ ಸಂತೆಗೆ ಬಂದು ಜನ ಏನಂತಾರೆ ಕೇಳಿದರೆ ಚೆನ್ನಾಗಿತ್ತು.) ಬಲಿತ ಉಣುಗಿಗೆ ದನದ ರಕ್ತ ಬೇಕು. ಅದು ಕುಡಿದು ಉದುರಿ ಮೊಟ್ಟೆ ಇಡುತ್ತದೆ. ಮಳೆಗಾಲ ಕಳೆಯುವಾಗ ಮರಿ. ನವೆಂಬರಿನಿಂದ ಮೇವರೆಗೆ ಆ ಮರಿಗಳು ಬೆಳೆದು ಮುಂದಿನ ಹಂತಕ್ಕೆ ಬಂದಿರುತ್ತವೆ. ನಮ್ಮನ್ನು ಕಚ್ಚುವುದು ಹೆಚ್ಚಾಗಿ ಇವೇ. ಕಳೆದ ಬೇಸಿಗೆ ನನ್ನ ಹಿಮ್ಮಡಿಯ ಮೇಲೊಂದು ಸಿಕ್ಕಿತು. ಗಸಗಸೆ ಕಾಳಿನಷ್ಟಿತ್ತು. ಮಣ್ಣು ಅಂತ ಉಜ್ಜಿದೆ, ಹೋಗಲಿಲ್ಲ. ಕನ್ನಡಕ ಹಾಕಿ ನೋಡಿದರೆ ಕಾಲು ಆಡಿಸುತ್ತಿತ್ತು.

2020ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ಭಾಗಕ್ಕೆ ಬಹಳ ಹತ್ತಿರದ್ದು. ಎಲ್ಲೆಲ್ಲಿ ಕಾಯಿಲೆ ಬಂತು ಅನ್ನುವುದನ್ನು ಭೂಪಟದ ಜೊತೆ ಹೊಂದಿಸಿ ನೋಡಿದ್ದಾರೆ. ಜಾಸ್ತಿ ಅಪಾಯ ಕಂಡದ್ದು ದಟ್ಟ ಹಸಿರು ಕಾಡು ಮತ್ತು ತೋಟ, ಪ್ಲಾಂಟೇಶನ್ ಒಂದಕ್ಕೊಂದು ಹೆಣೆದುಕೊಂಡ ಕಡೆ, ನಾಡದನ ಹೆಚ್ಚಿರುವ ಕಡೆ. ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಕೊಟ್ಟಿಗೆ. ಇದು ನಿಮ್ಮ ಮನೆಯ ನಕ್ಷೆಯೇ ಅಲ್ಲವೇ? 2024ರಲ್ಲಿ ನಮ್ಮ ಜಿಲ್ಲೆಯಲ್ಲಿ ನಿಮ್ಮ ತಾಲೂಕೇ ಹೆಚ್ಚು ನಲುಗಿದ್ದು. ನಾನು ಬೆಟ್ಟ ಬಿಡಿ, ದನ ಮಾರಿ ಅನ್ನುವುದಿಲ್ಲ. ದರಕು ಇಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಆದರೆ ಬೆಟ್ಟದಿಂದ ತಂದ ದರಕಿನ ಹೊರೆಯನ್ನು ಜಗಲಿಯ ಪಕ್ಕ ಒಟ್ಟಬೇಡಿ, ಅದರ ಮೇಲೆ ಕೂತು ಕವಳ ಹಾಕಬೇಡಿ. ದನಗಳ ಮೈಗೆ ಉಣುಗಿನ ಔಷಧಿ ಹಾಕಿಸಿ. ಹಾಲು ಕೊಡುವ ದನಕ್ಕೆ ಯಾವುದು, ಎಷ್ಟು ಅನ್ನುವುದನ್ನು ಪಶು ಆಸ್ಪತ್ರೆಯಲ್ಲಿ ಕೇಳಿಯೇ ಹಾಕಿ.

ಎಣ್ಣೆಯನ್ನು ಕಡೆಗಣಿಸಬೇಡಿ. ಉಣುಗು ಹತ್ತಿರ ಬಾರದಂತೆ ಮೈಗೆ ಹಚ್ಚಿಕೊಳ್ಳುವುದು ಅದು, ಡೇಪಾ ಅಂತ ಹೆಸರು. ರೂಪಿಸಿದ್ದು ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ. ವಾಸನೆ ಇದೆ, ಒಪ್ಪುತ್ತೇನೆ. ಬಾಟಲಿ ದೇವರ ಗೂಡಿನ ಪಕ್ಕ ಧೂಳು ಹಿಡಿದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕತ್ತಿ ಸಿಕ್ಕಿಸುವ ಗೂಟದ ಹತ್ತಿರ ಇಡಿ. ಕತ್ತಿ ತೆಗೆದುಕೊಳ್ಳುವಾಗ ಕೈಗೆ ಸಿಗಲಿ. ಕಾಲಿಗೆ, ಕೈಗೆ, ಕುತ್ತಿಗೆಗೆ ಹಚ್ಚಿ ಹೋಗಿ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ. ಉಣುಗು ಕಚ್ಚಿಕೊಂಡಿದ್ದರೆ ಸುಣ್ಣ ಬೇಡ, ಬೀಡಿಯಿಂದ ಸುಡುವುದೂ ಬೇಡ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ.

ಮಂಗ ಸತ್ತದ್ದು ಕಂಡರೆ ಆ ದಿನವೇ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ತಿಳಿಸಿ. ಮಂಗದ ಮೈ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ಸುತ್ತಲಿನ ದರಕಿನಲ್ಲಿ ಕಾಯುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯ ಗುಟ್ಟು ಬಿಟ್ಟುಕೊಟ್ಟದ್ದೂ ಸತ್ತ ಮಂಗಗಳೇ.

ಜ್ವರಕ್ಕೆ ನೇರ ಔಷಧಿ ಇನ್ನೂ ಇಲ್ಲ. ಆದರೂ ಬೇಗ ಆಸ್ಪತ್ರೆ ಸೇರಿ ಸಲೈನ್, ರಕ್ತದ ನಿಗಾ ಸಿಕ್ಕರೆ ಬಹಳಷ್ಟು ಜನ ಎದ್ದು ಬರುತ್ತಾರೆ. ಸಾವು ನೂರಕ್ಕೆ ಮೂರರಿಂದ ಐದು. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಪ್ಯಾರಾಸಿಟಮಾಲ್ ಸಾಕು. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ತಲೆನೋವು, ನಡುಕ ಬಂದರೆ ಮತ್ತೆ ಆಸ್ಪತ್ರೆಗೇ.

ಮೊಮ್ಮಕ್ಕಳು ಬರಲಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ತೋಟದಲ್ಲಿ ಆಡುವಾಗ ಕಾಲು ಮುಚ್ಚುವ ಬಟ್ಟೆ ಇರಲಿ, ಬೆಟ್ಟಕ್ಕೆ ಬೇಡ, ಸಂಜೆ ಮೈ ಹುಡುಕಿ ಸ್ನಾನ ಮಾಡಿಸಿ. ಒಂದೇ ತೊಡಕು. ಉಣುಗು ಕಚ್ಚಿ ಜ್ವರ ಕಾಣಲು ಮೂರರಿಂದ ಎಂಟು ದಿನ ಬೇಕು. ಅಷ್ಟರಲ್ಲಿ ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ಅಲ್ಲಿನ ಡಾಕ್ಟರು ಡೆಂಗಿ ಪರೀಕ್ಷೆ ಬರೆದು ಕಳಿಸುತ್ತಾರೆ, ಅವರದ್ದು ತಪ್ಪಲ್ಲ. ಬಸ್ ಹತ್ತಿಸುವಾಗ ಮಗನಿಗೆ ಹೇಳಿ: ಜ್ವರ ಬಂದರೆ "ಸಿದ್ದಾಪುರಕ್ಕೆ ಹೋಗಿದ್ದೆವು, ಅಲ್ಲಿ ಮಂಗನ ಕಾಯಿಲೆ ಇದೆ" ಅಂತ ಡಾಕ್ಟರಿಗೆ ಮೊದಲು ಹೇಳಬೇಕು, ಆಮೇಲೆ ಜ್ವರ ಎಷ್ಟಿದೆ ಅಂತ.