ಡಿಬಗರ್ (ಓಡುವ ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡುವ ಸಾಧನ) ಹಿಡಿದ ಪ್ರೊಸೆಸ್ ಸಿಗ್‌ಕಂಟ್ (ನಿಂತದ್ದನ್ನು ಮತ್ತೆ ಓಡಿಸುವ ಸಿಗ್ನಲ್) ಕಳಿಸಿದರೂ ಏಳುತ್ತಿಲ್ಲ. ಪಿಟ್ರೇಸ್ (ಡಿಬಗರ್‌ಗಳು ಬಳಸುವ ಲಿನಕ್ಸ್ ಕರೆ) ಬಿಟ್ಟು, ಸಿಗ್ನಲ್ ಕಳಿಸುವ ಕಿಲ್ ಕಮಾಂಡ್‌ನಿಂದಲೇ ನಿಲ್ಲಿಸಿ ಓಡಿಸಬಹುದೇ?

ಹನ್ನೊಂದು ವರ್ಷದ ಹಿಂದೆ ನಾನೂ ಲಿನಕ್ಸ್‌ನಲ್ಲಿ ಒಂದು ಪುಟ್ಟ ಡಿಬಗರ್ ಬರೆದಿದ್ದೆ. ನಿಮ್ಮ ಹಾಗೇ ಇನ್ನೊಂದು ಟರ್ಮಿನಲ್ ತೆರೆದು ಸಿಗ್‌ಕಂಟ್ ಕಳಿಸುತ್ತಾ ಕೂತಿದ್ದೆ. ಏನೂ ಆಗಲಿಲ್ಲ. ಆಗುವುದೂ ಇಲ್ಲ.

ಆಗ ನಾನು ನೋಡಿಕೊಳ್ಳುತ್ತಿದ್ದ ಸರ್ವರ್ ಪ್ರೋಗ್ರಾಂ ಪ್ರತಿ ಕೆಲಸಕ್ಕೂ ಫೋರ್ಕ್ ಮಾಡಿ ಹೊಸ ಚೈಲ್ಡ್ ಪ್ರೊಸೆಸ್ ಹುಟ್ಟಿಸುತ್ತಿತ್ತು. ಚೈಲ್ಡ್ ಪ್ರೊಸೆಸ್ ಮುಗಿದಾಗ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಹುಟ್ಟಿಸಿದ ಪೇರೆಂಟ್‌ಗೆ ಸಿಗ್‌ಚೈಲ್ಡ್ ಎಂಬ ಸಿಗ್ನಲ್ ಕಳಿಸುತ್ತದೆ. ಆ ಸಿಗ್ನಲ್ ಬಂದಾಗ ಓಡುವ ಹ್ಯಾಂಡ್ಲರ್‌ನಲ್ಲಿ ಪೇರೆಂಟ್ ವೇಟ್‌ಪಿಐಡಿ (ಪ್ರೊಸೆಸ್ ನಿಂತ ಅಥವಾ ಸತ್ತ ಸುದ್ದಿ ಪಡೆಯುವ ಕರೆ) ಕರೆದು ಸತ್ತ ಚೈಲ್ಡ್‌ಗಳನ್ನೆಲ್ಲ ತೆಗೆದುಹಾಕುತ್ತಿತ್ತು. ನಾನು ಪೇರೆಂಟ್‌ಗೆ ಅಟ್ಯಾಚ್ ಆಗಿ, ಒಂದೊಂದು ಸಿಸ್ಟಮ್ ಕಾಲ್‌ಗೂ (ಅದು ಕರ್ನಲ್‌ಗೆ ಮಾಡುವ ಕರೆ) ನಿಲ್ಲಿಸಿ, ಮೆಮೊರಿಯಲ್ಲಿದ್ದ ಒಂದು ಟೇಬಲ್ ಓದಿ, ಮತ್ತೆ ಓಡಲು ಬಿಡುತ್ತಿದ್ದೆ. ರಾತ್ರಿ ಹಾಗೇ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಪ್ರೊಸೆಸ್ ಪಟ್ಟಿ ಕೊಡುವ ಪಿಎಸ್ ಕಮಾಂಡಿನ ಔಟ್‌ಪುಟ್ ತುಂಬ ಡಿಫಂಕ್ಟ್, ಅಂದರೆ ಸತ್ತರೂ ಪೇರೆಂಟ್ ತೆಗೆಯದೆ ಉಳಿದ ಜಾಂಬಿಗಳು. ಜಾಂಬಿಗಳು ಪ್ರೊಸೆಸ್ ಮಿತಿ ಮುಟ್ಟಿ ಫೋರ್ಕ್ ಆಗುವುದೇ ನಿಂತಿತ್ತು. ಡಿಬಗರ್ ತೆಗೆದೆ. ಸ್ವಲ್ಪ ಹೊತ್ತಿಗೆ ಎಲ್ಲ ಜಾಂಬಿಗಳೂ ಮಾಯ!

ಮೂರು ದಿನ ಸರ್ವರ್‌ನ ಕೋಡನ್ನೇ ಬೈದೆ. ತಪ್ಪಿದ್ದದ್ದು ನನ್ನ ಲೂಪಿನ ಒಂದು ಸೊನ್ನೆಯಲ್ಲಿ.

ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು. ಟ್ರೇಸ್ ಆಗುತ್ತಿರುವ ಪ್ರೊಸೆಸ್‌ಗೆ ಯಾವ ಸಿಗ್ನಲ್ ಬಂದರೂ (ನೇರ ಕೊಲ್ಲುವ ಸಿಗ್‌ಕಿಲ್ ಒಂದು ಬಿಟ್ಟು) ಅದು ನೇರವಾಗಿ ಅದರ ಕೈ ಸೇರುವುದಿಲ್ಲ. ಪ್ರೊಸೆಸ್ ನಿಲ್ಲುತ್ತದೆ, ಕರ್ನಲ್ ನಿಮ್ಮ ವೇಟ್‌ಪಿಐಡಿಗೆ ಸುದ್ದಿ ಕೊಡುತ್ತದೆ. ಆ ಸಿಗ್ನಲ್ ತಲುಪಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮದು. ಹೇಳುವುದು ಹೇಗೆ? ಪಿಟ್ರೇಸ್ ಕಂಟ್ ಕರೆಯ ಕೊನೆಯ ಆರ್ಗ್ಯುಮೆಂಟಿನಲ್ಲಿ. ಸಿಗ್ನಲ್ ನಂಬರ್ ಕೊಟ್ಟರೆ ತಲುಪುತ್ತದೆ, 0 ಕೊಟ್ಟರೆ ಅಲ್ಲಿಗೇ ಮುಗಿಯಿತು. ನಾನು ಪ್ರತಿ ಸಲವೂ 0 ಕೊಟ್ಟಿದ್ದೆ. ರಾತ್ರಿಯಿಡೀ ಬಂದ ಒಂದೊಂದು ಸಿಗ್‌ಚೈಲ್ಡನ್ನೂ ನನ್ನ ಡಿಬಗರ್ ನುಂಗಿತ್ತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಡಿಬಗರ್ ತೆಗೆದ ಮೇಲೆ ಬಂದ ಮೊದಲ ಸಿಗ್‌ಚೈಲ್ಡ್‌ಗೇ ಹ್ಯಾಂಡ್ಲರ್ ಓಡಿ ಎಲ್ಲವನ್ನೂ ಗುಡಿಸಿತ್ತು.

ಹಾಗಂತ ಎಲ್ಲವನ್ನೂ ದಾಟಿಸುವುದೂ ತಪ್ಪು. ಬ್ರೇಕ್‌ಪಾಯಿಂಟ್‌ನಿಂದ (ಡಿಬಗರ್ ಗುರುತಿಟ್ಟ ನಿಲ್ಲುವ ಜಾಗ) ಬಂದ ಸಿಗ್‌ಟ್ರ್ಯಾಪ್ ಸಿಗ್ನಲ್ ದಾಟಿಸಿದರೆ ಪ್ರೊಸೆಸ್ ಸತ್ತೇಹೋಗುತ್ತದೆ. ಪಿಟ್ರೇಸ್‌ನ ಅಟ್ಯಾಚ್ ಕರೆ ತಾನೇ ಕಳಿಸುವ ಮೊದಲ ಸಿಗ್‌ಸ್ಟಾಪ್‌ಗೂ (ನಿಲ್ಲಿಸುವ ಸಿಗ್ನಲ್) 0 ಕೊಡಬೇಕು. ಉಳಿದವು ಸಾಮಾನ್ಯವಾಗಿ ದಾಟಬೇಕು. ಸಿಸ್ಟಮ್ ಕಾಲ್‌ಗೆ ನಿಂತದ್ದನ್ನೂ ಬೇರೆ ಸಿಗ್‌ಟ್ರ್ಯಾಪ್ ಅನ್ನೂ ಗುರುತಿಸಲು ಪಿಟ್ರೇಸ್‌ನ ಟ್ರೇಸ್‌ಸಿಸ್‌ಗುಡ್ ಆಪ್ಷನ್ ಹಾಕಿ.

ಈಗ ನಿಮ್ಮ ಕಿಲ್ ಐಡಿಯಾ. ನನಗೆ ಅದು ಒಪ್ಪಿಗೆಯಿಲ್ಲ. ಕಿಲ್‌ನಿಂದ ಪ್ರೊಸೆಸ್ ನಿಲ್ಲುತ್ತದೆ ನಿಜ. ಆದರೆ ರಿಜಿಸ್ಟರ್ ಓದುವುದು, ಒಂದೊಂದೇ ಇನ್‌ಸ್ಟ್ರಕ್ಷನ್ ಓಡಿಸುವುದು ಅದರಿಂದ ಆಗದು. ನಿಂತಿರುವುದರಲ್ಲೂ ಎರಡು ಬಗೆ ಇದೆ, ಅಲ್ವಾ? ಸಿಗ್‌ಸ್ಟಾಪ್‌ನಿಂದ ಸುಮ್ನೆ ನಿಂತದ್ದು ಸಿಗ್‌ಕಂಟ್‌ಗೆ ಏಳುತ್ತದೆ. ಟ್ರೇಸರ್ (ಇಲ್ಲಿ ನಿಮ್ಮ ಡಿಬಗರ್) ಹಿಡಿದಿಟ್ಟದ್ದನ್ನು ಟ್ರೇಸರೇ ಬಿಡಬೇಕು, ಇಲ್ಲವೇ ಸಿಗ್‌ಕಿಲ್ ಬರಬೇಕು. ಹೊಸದಾಗಿ ಬರೆಯುತ್ತಿದ್ದರೆ ಅಟ್ಯಾಚ್ ಬದಲು ಸೀಜ್ ಬಳಸಿ. ಲಿನಕ್ಸ್ 3.4ರಿಂದ ಇದೆ. ಅದು ಸಿಗ್‌ಸ್ಟಾಪ್ ಕಳಿಸುವುದೇ ಇಲ್ಲ, ಆ ಗೊಂದಲದ ಅರ್ಧ ಅಲ್ಲಿಗೇ ಹೋಗುತ್ತದೆ. ನಿಲ್ಲಿಸಬೇಕೆಂದಾಗ ಇಂಟರಪ್ಟ್ ಕರೆ ಇದೆ.

ಇನ್ನೊಂದು ಮಾತು. ವೇಟ್‌ಪಿಐಡಿ ಕಾಯದೆ ಪಿಟ್ರೇಸ್ ಕರೆದರೆ ಪ್ರೊಸೆಸ್ ಇನ್ನೂ ನಿಂತಿರದೆ ಇಎಸ್‌ಆರ್‌ಸಿಎಚ್ ಎಂಬ ಎರರ್ ಬರುತ್ತದೆ. ಅದಕ್ಕೆ ದಯವಿಟ್ಟು ಸ್ಲೀಪ್ ಹಾಕಿ ತೇಪೆ ಹಚ್ಚಬೇಡಿ.

ಇವತ್ತೇ ಪ್ರಾಕ್ ಡೈರೆಕ್ಟರಿ ಕೆಳಗೆ ಆ ಪಿಐಡಿಯ (ಪ್ರೊಸೆಸ್ ನಂಬರ್) ಸ್ಟೇಟಸ್ ಫೈಲ್ ತೆರೆಯಿರಿ. ಸ್ಟೇಟ್ ಸಾಲಿನಲ್ಲಿ ಚಿಕ್ಕ ಟಿ ಇದ್ದರೆ ಟ್ರೇಸರ್ ಹಿಡಿದಿದೆ, ದೊಡ್ಡ ಟಿ ಇದ್ದರೆ ಸಿಗ್ನಲ್‌ನಿಂದ ನಿಂತಿದೆ. ಟ್ರೇಸರ್‌ಪಿಐಡಿ ಸಾಲಿನಲ್ಲಿ ಯಾರು ಹಿಡಿದಿದ್ದಾರೆ ಎಂಬುದೂ ಸಿಗುತ್ತದೆ. ಆ ಎರಡು ಸಾಲನ್ನೂ ನಿಮ್ಮ ವೇಟ್ ಲೂಪನ್ನೂ ಇಲ್ಲಿ ಹಾಕಿ, ನಾನು ನೋಡುತ್ತೇನೆ.